ಅರ್ತಿಂಗ್ ನೋಡದೆ ಕಂಪ್ಯೂಟರ್ ಕೊಡದವರು

ಅವರ ಬಲಗೈ ಕಿರುಬೆರಳಿನ ಉಗುರು ಅರ್ಧ ಇಂಚು ಬೆಳೆದಿರುತ್ತಿತ್ತು. ಉಳಿದ ಒಂಬತ್ತನ್ನೂ ಬುಡದವರೆಗೆ ಕತ್ತರಿಸಿರುತ್ತಿದ್ದರು. ಮದರ್‌ಬೋರ್ಡಿನ ಸಂದಿಗೆ ಬಿದ್ದ ಸ್ಕ್ರೂ ಎತ್ತುವುದಕ್ಕೆ, ಗ್ರಾಫಿಕ್ಸ್ ಕಾರ್ಡಿನ ಕೊಂಡಿ ಬಿಡಿಸುವುದಕ್ಕೆ ಆ ಉಗುರು ಸಾಕಾಗುತ್ತಿತ್ತು. ಕಣ್ಣು ರಸ್ತೆಯ ಕಡೆ, ಬಾಯಿ ನಮ್ಮ ಜೊತೆ, ಕೈ ಮಾತ್ರ ಕ್ಯಾಬಿನೆಟ್ಟಿನೊಳಗೆ. ಹಾಗೆ ಕೆಲಸ ಮಾಡುತ್ತಿದ್ದ ಕೈಯನ್ನು ಹಾಳು ಮಾಡಿದವನು ನಾನು.

ಆರ್.ಟಿ. ನಗರದಲ್ಲಿ ಬೇಕರಿಯೊಂದರ ಮೇಲೆ ಅವರ ಅಂಗಡಿ. ಒಂದೇ ಶಟರ್, ಎರಡು ಸ್ಟೂಲು. ನಾವೆಲ್ಲ ಅವರನ್ನು ಕಂಪ್ಯೂಟರ್ ಅಣ್ಣ ಅನ್ನುತ್ತಿದ್ದೆವು. ನಾನಾಗ ಡಿಸೈನ್ ಓದುತ್ತಿದ್ದೆ, ಅಲ್ಲಾಳಸಂದ್ರದಲ್ಲಿ ಒಂದು ಬಾಡಿಗೆ ರೂಮಿನಲ್ಲಿದ್ದೆ. ಡಿಸೈನಿಗೂ ಆಗಬೇಕು, ಗೇಮಿಗೂ ಆಗಬೇಕು, ಅಂಥ ಕಂಪ್ಯೂಟರ್ ಕಟ್ಟಿಸಲು ಅವರ ಹತ್ತಿರ ಹೋದೆ. ಯಾವ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ಮೂರು ತಿಂಗಳಿಂದ ಓದಿ ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಕೇಳಿಸಿಕೊಂಡು ಒಂದು ಹಾಳೆ ತೆಗೆದು ಬರೆಯತೊಡಗಿದರು, ಕೆಳಗಿನ ತುದಿಯಿಂದ. ಕಟ್ಟಕಡೆಯ ಸಾಲಿನಲ್ಲಿ 'ಮನೆ ಅರ್ತ್', ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿ. ಅದರ ಮೇಲಿನ ಸಾಲಿನಲ್ಲಿ 'ಎಸ್‌ಎಂಪಿಎಸ್', ಅಂದರೆ ಎಲ್ಲಕ್ಕೂ ಕರೆಂಟ್ ಹಂಚುವ ಡಬ್ಬಿ. ಆಮೇಲೆ ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್. ನನ್ನ ಕಾರ್ಡು ಹಾಳೆಯ ನೆತ್ತಿಯಲ್ಲಿ ಬಂತು.

"ಅಣ್ಣ, ಕಾರ್ಡಿಂದ ಶುರು ಮಾಡಿ. ಎಸ್‌ಎಂಪಿಎಸ್ ಯಾವ್ದಾದ್ರೂ ನಡೆಯುತ್ತೆ."

"ಮನೆ ಕಟ್ಬೇಕಾದ್ರೆ ಮೊದ್ಲು ಬಾಲ್ಕನಿಗೆ ಪೇಂಟ್ ಹೊಡಿತೀಯೇನೋ?"

ಅವರದೊಂದು ಕಟ್ಟುನಿಟ್ಟಿತ್ತು. ಗಿರಾಕಿಯ ಮನೆಗೆ ಮೊದಲು ತಾವೇ ಹೋಗಿ, ಎರಡು ವೈರು ಕಟ್ಟಿದ ಹೋಲ್ಡರಿನಲ್ಲಿ ನೂರರ ಬಲ್ಬು ಸಿಕ್ಕಿಸಿ, ಗೋಡೆಯ ಸಾಕೆಟ್ಟಿನಲ್ಲಿ ಅರ್ತ್ ಇದೆಯೇ ಎಂದು ನೋಡುವುದು. ಬಲ್ಬು ಪೂರ್ತಿ ಉರಿದರೆ ಸರಿ. ಮಂಕಾದರೆ ಕಂಪ್ಯೂಟರ್ ಅಂಗಡಿಯಲ್ಲೇ ಉಳಿಯುತ್ತಿತ್ತು. "ಹೆಣ್ಣು ನೋಡೋಕೆ ಬಂದಂಗೆ ಬರ್ತೀರಲ್ರೀ" ಎಂದು ಜನ ನಗುತ್ತಿದ್ದರು. "ಹೆಣ್ಣು ಒಪ್ಪದೆ ಇದ್ರೂ ಪ್ರಾಣ ಉಳಿಯುತ್ತೆ ಕಣ್ರೀ" ಎಂದು ಇವರು ಬಲ್ಬನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ನನ್ನ ರೂಮಿನಲ್ಲಿ ಬಲ್ಬು ಉರಿಯಲೇ ಇಲ್ಲ. ನಮ್ಮ ಓನರ್ ಅದೇ ಊರಿನ ಹಳೆಯ ಒಕ್ಕಲು ಮನೆತನದವರು. ತೋಟವಿದ್ದ ಜಾಗದಲ್ಲಿ ಸಾಲಾಗಿ ಎಂಟು ರೂಮು ಕಟ್ಟಿಸಿದ್ದರು. ಎಂಟರ ಅರ್ತ್ ವೈರನ್ನೂ ಒಟ್ಟಿಗೆ ಹೆಣೆದು, ನೆಲಕ್ಕೆ ಇಳಿದಿದ್ದ ಕಬ್ಬಿಣದ ನೀರಿನ ಪೈಪಿಗೆ ಸುತ್ತಿಸಿದ್ದರು. ಆಮೇಲೊಮ್ಮೆ ಪೈಪು ತುಕ್ಕು ಹಿಡಿಯಿತೆಂದು ಪ್ಲಾಸ್ಟಿಕ್ ಪೈಪು ಹಾಕಿಸಿದಾಗ, ಕೆಲಸದವನು ಆ ವೈರನ್ನು ಅಷ್ಟೇ ಜೋಪಾನವಾಗಿ ಪ್ಲಾಸ್ಟಿಕ್ಕಿಗೆ ಸುತ್ತಿ ಹೋಗಿದ್ದ.

ಕಂಪ್ಯೂಟರ್ ಅಣ್ಣ ಅದನ್ನು ತೋರಿಸಿ, ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ ಹೊಸ ಅರ್ತ್ ಮಾಡಿಸಬೇಕೆಂದರು. ಓನರ್ ಎಲೆ ಅಡಿಕೆ ಉಗಿದು ಬಂದು, "ಇಷ್ಟು ದಿನದಿಂದ ಇಂಗೇ ಐತೆ, ಯಾರೂ ಸತ್ತಿಲ್ಲ. ನಿಮ್ ಕಂಪ್ಯೂಟ್ರೇನು ದೇವ್ರಾ, ಗುಂಡಿ ತೋಡಿ ಪೂಜೆ ಮಾಡಾಕೆ?" ಅಂದರು.

ಎರಡು ವಾರ ಕಾದೆ. ಕಾಲೇಜಿನ ಪ್ರಾಜೆಕ್ಟು ಹತ್ತಿರ ಬಂದಿದೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜವೇನೆಂದರೆ ಆ ಭಾನುವಾರ ಗೆಳೆಯರೆಲ್ಲ ಸೇರಿ ಹೊಸ ಗೇಮ್ ಆಡುವವರಿದ್ದರು. ಶನಿವಾರ ಬೆಳಿಗ್ಗೆ ಅಂಗಡಿಗೆ ಹೋಗಿ ಗುಂಡಿ ತೋಡಿಸಿದ್ದಾಯಿತು ಅಂದೆ.

"ಬಲ್ಬ್ ಹಾಕಿ ನೋಡಿದ್ರಾ?"

"ಎಲೆಕ್ಟ್ರಿಷಿಯನ್ ನೋಡಿದ್ರು ಅಣ್ಣ."

"ನೀನು ಕಣ್ಣಾರೆ ನೋಡ್ದ್ಯಾ?"

"ನೋಡ್ದೆ. ಫುಲ್ ಉರೀತು."

ಅವರು ಬಲ್ಬು ಸುತ್ತಿದ್ದ ಟವೆಲಿನ ಗಂಟಿಗೆ ಕೈ ಹಾಕಿದರು. ಸ್ಕೂಟರಿನ ಹಿಂದೆ ನಾನು ಕ್ಯಾಬಿನೆಟ್ ತಬ್ಬಿ ಕೂರಬೇಕಿತ್ತು. ಅದೊಂದು ಯಾಕೆ ಅಣ್ಣ, ಒಡೆದು ಹೋಗುತ್ತೆ ಅಂದೆ. ಅವರು ಅದನ್ನು ಸ್ಟೂಲಿನ ಮೇಲೆ ಇಟ್ಟು ಶಟರ್ ಎಳೆದರು.

ಅವರು ಬರುತ್ತಾರೆಂದು ರೂಮಿನ ನೆಲ ಒರೆಸಿದ್ದೆ. ಇನ್ನೂ ಪೂರ್ತಿ ಆರಿರಲಿಲ್ಲ. ಅವರು ಚಪ್ಪಲಿ ಹೊರಗೆ ಬಿಟ್ಟು ಬಂದು ಪ್ಲಗ್ ಚುಚ್ಚಿದರು. ಫ್ಯಾನುಗಳು ತಿರುಗಿದವು, ಪರದೆ ಬೆಳಗಿತು. "ನೋಡು, ಹೆಂಗ್ ಉಸಿರಾಡ್ತಿದೆ" ಎಂದು ಮಂಡಿಯೂರಿ ಕೂತು, ಪಕ್ಕದ ತಗಡು ಮುಚ್ಚಲು ಕ್ಯಾಬಿನೆಟ್ ಹಿಡಿದರು. ಆಗ ಪಕ್ಕದ ರೂಮಿನವರು ಸ್ನಾನಕ್ಕೆ ಹೀಟರ್ ಹಾಕಿದರು. ಆ ಹೀಟರ್ ಕೆಟ್ಟಿತ್ತು. ನೆಲಕ್ಕಿಳಿಯಬೇಕಿದ್ದ ಕರೆಂಟು ದಾರಿಯಿಲ್ಲದೆ ಆ ಹೆಣೆದ ಅರ್ತ್ ವೈರಿನಲ್ಲೇ ಬಂದು ನನ್ನ ಕ್ಯಾಬಿನೆಟ್ಟಿಗೆ ಸೇರಿತು.

ಅವರು ಕೂಗಲಿಲ್ಲ. ಹಲ್ಲು ಕಚ್ಚಿಕೊಂಡ ಸದ್ದಷ್ಟೇ ಕೇಳಿಸಿತು. ನಾನು ಹಾರಿ ಸ್ವಿಚ್ ಆಫ್ ಮಾಡಿದೆ. ಪರದೆ ಆರಿತು. ಅವರ ಕೈ ಬಿಡಲಿಲ್ಲ. ಆಫ್ ಆಗಿರುವ ಕಂಪ್ಯೂಟರ್ ಮನುಷ್ಯನನ್ನು ಹಿಡಿದುಕೊಂಡಿರುವುದನ್ನು ನೋಡುತ್ತ ನಿಂತೆ. ಸ್ವಿಚ್ಚು ಅರ್ತ್ ತಂತಿಯನ್ನು ಕತ್ತರಿಸುವುದಿಲ್ಲ ಎಂಬುದು ತಲೆಗೆ ಹೊಳೆದು ಪ್ಲಗ್ ಕಿತ್ತು ಎಸೆಯುವಷ್ಟರಲ್ಲಿ ಎಷ್ಟು ಹೊತ್ತಾಯಿತೋ. ನಾಲ್ಕು ಸೆಕೆಂಡ್ ಇರಬಹುದು, ಹತ್ತು ಇರಬಹುದು. ಇವತ್ತಿಗೂ ಯಾವುದೇ ಸ್ವಿಚ್ ಒತ್ತಿದಾಗ ಎಣಿಸುತ್ತೇನೆ.

ಬದುಕಿದರು. ಅಂಗೈ ಸುಟ್ಟಿತ್ತು, ಎದೆಬಡಿತ ಲಯ ತಪ್ಪಿತ್ತು. ಆಸ್ಪತ್ರೆಗೆ ಓನರ್ ಬಂದವರೇ, "ಏನ್ರೀ, ಇಷ್ಟು ವರ್ಷದಿಂದ ಇದೇ ಕೆಲ್ಸ ಮಾಡ್ತೀರ, ನೋಡ್ಕೊಂಡು ಮಾಡ್ಬಾರ್ದಾ?" ಅಂದರು. ಅಣ್ಣ ನನ್ನ ಮುಖ ನೋಡಿದರು. "ಟೆಸ್ಟ್ ಮಾಡ್ಬೇಕಿತ್ತು. ತಪ್ಪು ನಂದೇ." ನಾನು ಬಾಯಿ ಬಿಡಲಿಲ್ಲ. ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು, "ನೀನಿಲ್ದೆ ಹೋಗಿದ್ರೆ ಇವ್ರು ನಮಗೆ ಸಿಗ್ತಿರ್ಲಿಲ್ಲ ಕಣಪ್ಪ" ಅಂದರು. ಆಗಲೂ ಬಿಡಲಿಲ್ಲ.

ಮರುವಾರ ಓನರ್ ಗುಂಡಿ ತೋಡಿಸಿದರು. ಎರಡು ಗಂಟೆಯ ಕೆಲಸ.

ಬಲಗೈಯ ಮೂರು ಬೆರಳಿಗೆ ಸ್ಪರ್ಶ ಮರಳಲಿಲ್ಲ. ಪ್ರೊಸೆಸರ್ ಕೂರಿಸಲು ಹೋಗಿ ಕೂದಲಿನಂಥ ಪಿನ್ನುಗಳನ್ನು ಬಗ್ಗಿಸಿಬಿಡುತ್ತಿದ್ದರು. ವರ್ಷದೊಳಗೆ ಅಂಗಡಿ ಮುಚ್ಚಿ, ಹೆಬ್ಬಾಳದಲ್ಲಿ ಗೆಳೆಯನ ಮೊಬೈಲ್ ಅಂಗಡಿಯ ಕೌಂಟರಿನಲ್ಲಿ ಕವರು, ಚಾರ್ಜರು ಮಾರುತ್ತ ಕೂತರು. ಅಲ್ಲಿಗೆ ಒಂದು ಮಧ್ಯಾಹ್ನ ಹೋಗಿ, "ಅಣ್ಣ, ಆವತ್ತು ನಾನು..." ಎಂದು ಶುರು ಮಾಡಿದೆ.

"ಗೊತ್ತು ಕಣೋ. ಗುಂಡಿ ತೋಡಿದ್ರೆ ಹೊಸ ಮಣ್ಣು ಕಾಣ್ಬೇಕಲ್ವಾ. ಗೇಟಲ್ಲಿ ಗಾಡಿ ನಿಲ್ಲಿಸ್ವಾಗ್ಲೇ ನೋಡ್ದೆ, ಕಾಣ್ಲಿಲ್ಲ."

"ಮತ್ಯಾಕೆ ಪ್ಲಗ್ ಹಾಕಿದ್ರಿ?"

"ಓದಿರೋ ಹುಡುಗ, ಕಣ್ಣಾರೆ ನೋಡ್ದೆ ಅಂತಾನೆ. ಹಿತ್ಲಲ್ಲಿ ತೋಡಿರ್ಬೇಕು ಅನ್ಕೊಂಡೆ." ಒಂದು ಚಾರ್ಜರ್ ಎತ್ತಿ ಗಿರಾಕಿಗೆ ಕೊಟ್ಟು ಮತ್ತೆ ಅಂದರು, "ನಮ್ಮನೆಯವ್ಳಿಗೆ ಹೇಳ್ಬೇಡ. ನಿನ್ ಹೆಸ್ರಲ್ಲಿ ಅರ್ಚನೆ ಮಾಡಿಸ್ತಾಳೆ, ಪಾಪ."

ಅದು ಕ್ಷಮೆಯೋ ಶಿಕ್ಷೆಯೋ ಕೇಳಲಿಲ್ಲ. ಕೇಳುವ ಧೈರ್ಯವಿದ್ದಿದ್ದರೆ ಆಸ್ಪತ್ರೆಯಲ್ಲೇ ಮಾತಾಡುತ್ತಿದ್ದೆ.

ಆ ಶನಿವಾರ ಕಳೆದು ಐದು ವರ್ಷದ ಮೇಲೆ ಅವರು ಹೃದಯಾಘಾತದಿಂದ ತೀರಿಕೊಂಡರು. ಆವತ್ತಿನದಕ್ಕೂ ಇದಕ್ಕೂ ಸಂಬಂಧ ಹೇಳಲಾಗದು ಎಂದರು ಡಾಕ್ಟರು. ಹನ್ನೊಂದನೆಯ ದಿನ ಮನೆಗೆ ಹೋದೆ. ಬಾಗಿಲ ಬಳಿಯೇ ನಿಂತು ಕೈ ಮುಗಿದು ಹೊರಟವನನ್ನು ಅವರ ಹೆಂಡತಿ ಒಳಗೆ ಕರೆದರು. ನೆಂಟರೆಲ್ಲ ತಿರುಗಿ ನೋಡುವ ಹಾಗೆ, "ಇವನೇ ನೋಡಿ, ನಮ್ಮೋರನ್ನ ಐದು ವರ್ಷ ಹೆಚ್ಚಿಗೆ ಉಳಿಸಿಕೊಟ್ಟೋನು" ಎಂದು ನನ್ನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ಎಲೆಗೆ ತಾವೇ ಬಡಿಸಿದರು.

ತಲೆ ತಗ್ಗಿಸಿ ಉಂಡೆ. ಇನ್ನೊಂದು ವಡೆ ಹಾಕಿಸಿಕೋ ಅಂದರು. ಹಾಕಿಸಿಕೊಂಡೆ.