ತೋಳಿನ ಮೇಲೊಂದು ಕೆಂಪು ಬಾಣ

ಮೂವತ್ತೊಂದು ವರ್ಷದ ನೌಕರಿಯಲ್ಲಿ ಎಷ್ಟು ಲಕ್ಷ ಅಂಗಿಗಳು ತನ್ನ ಕಣ್ಣೆದುರು ಹಾದುಹೋದವು ಎಂದು ಚೆಕಿಂಗಮ್ಮನಿಗೇ ಗೊತ್ತಿಲ್ಲ. ಆದರೆ ಒಂದೇ ಒಂದು ಅಂಗಿಯನ್ನೂ ಆಕೆ ತಾನೇ ಹೊಲಿದವಳಲ್ಲ. ಗಾರ್ಮೆಂಟ್ಸ್ ಫ್ಯಾಕ್ಟರಿ ಎಂದರೆ ಹಾಗೆಯೇ. ಒಬ್ಬಳು ಕಾಲರು ಕೂಡಿಸುತ್ತಾಳೆ, ಒಬ್ಬಳು ತೋಳು, ಇನ್ನೊಬ್ಬಳು ಬೆಳಗಿನಿಂದ ಸಂಜೆಯವರೆಗೂ ಬರೀ ಗುಂಡಿ. ಎಲ್ಲರ ಕೈ ದಾಟಿದ ಅಂಗಿ ಕಟ್ಟಕಡೆಗೆ ಚೆಕಿಂಗಿಗೆಂದು ಟ್ಯೂಬ್‌ಲೈಟಿನ ಕೆಳಗಿನ ಮೇಜಿನ ಮೇಲೆ, ಈಕೆಯ ಎದುರು ಅಂಗಾತ ಬೀಳುತ್ತಿತ್ತು. ಈಕೆಯ ಕೊರಳಲ್ಲಿ ಲಾಡಿಗೆ ಕಟ್ಟಿದ ಪುಟ್ಟ ಕತ್ತರಿ, ಎಡಗೈಯಲ್ಲಿ ಬಾಣದ ಆಕಾರದ ಕೆಂಪು ಸ್ಟಿಕ್ಕರುಗಳ ಹಾಳೆ. ದಾರದ ತುದಿ ಇಣುಕಿದರೆ ಕಚಕ್ಕನೆ ಕತ್ತರಿ. ಹೊಲಿಗೆ ತಪ್ಪಿದ್ದರೆ ತಪ್ಪಿನ ಕಡೆಗೆ ಮೂತಿ ಮಾಡಿ ಒಂದು ಬಾಣ. ಬಾಣ ಬಿತ್ತೆಂದರೆ ಅಂಗಿ ವಾಪಸ್. ಹೊಲಿದವಳು ಈಕೆಯ ಮುಖ ನೋಡಿ ಮನಸ್ಸಿನಲ್ಲೇ ನಾಲ್ಕು ಮಾತು ಬೈದುಕೊಂಡು ಬಿಚ್ಚಿ ಹೊಲಿಯಬೇಕು.

ಫ್ಯಾಕ್ಟರಿ ಬಿಟ್ಟರೂ ಬಾಣ ಬಿಡಲಿಲ್ಲ. ನಿವೃತ್ತಿಯ ದಿನ ಜೊತೆಯವರೆಲ್ಲ ಸೇರಿ ಒಂದು ಗೋಡೆ ಗಡಿಯಾರ ಕೊಟ್ಟರು. ಅದು ಎರಡು ನಿಮಿಷ ಹಿಂದಿತ್ತು. ಮನೆಗೆ ಬಂದವಳೇ ಮುಳ್ಳಿನ ಪಕ್ಕ ಒಂದು ಬಾಣ ಅಂಟಿಸಿ, ಆಮೇಲೆ ಮೊಳೆಗೆ ನೇತುಹಾಕಿದಳು. ಅಂಚು ಒಡೆದ ಲೋಟಕ್ಕೆ, ಕಾಲು ಅಲ್ಲಾಡುವ ಕುರ್ಚಿಗೆ, ಗಂಡ ಕ್ಷೌರ ಮಾಡಿಕೊಂಡಾಗ ಬಿಟ್ಟುಬಿಟ್ಟ ಗಲ್ಲದ ಕೂದಲಿಗೆ, ಎಲ್ಲಕ್ಕೂ ಆಕೆಯ ಬಳಿ ಒಂದೊಂದು ಬಾಣವಿತ್ತು.

ಗಂಡನಿಗೋ, ತಪ್ಪು ಎಂಬುದೇ ಗೊತ್ತಿಲ್ಲ. ಕಾಲೇಜು ಹಾಸ್ಟೆಲಿನಲ್ಲಿ ಇನ್ನೂರು ಹುಡುಗರಿಗೆ ಅಡುಗೆ ಮಾಡಿ ನಿವೃತ್ತನಾದ ಮನುಷ್ಯ. ಉಪ್ಪು ಹಿಡಿಯಲ್ಲಿ, ಎಣ್ಣೆ ಸೌಟಿನಲ್ಲಿ, ಹೊತ್ತು ಹೊಟ್ಟೆಯಲ್ಲಿ ಅಳೆದವನು. ಹುಡುಗರೆಲ್ಲ ಅಂದಾಜಪ್ಪ ಎಂದೇ ಕರೆಯುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎಳೆದಾಡಿಕೊಂಡೇ ಇಬ್ಬರೂ ಮೂವತ್ತೈದು ವರ್ಷ ಬಂಡಿ ಓಡಿಸಿದ್ದರು.

ಮೊಮ್ಮಗಳು ಹುಟ್ಟಿದಾಗ ಚೆಕಿಂಗಮ್ಮ ಒಂದು ಪಣ ತೊಟ್ಟಳು. ಈ ಮಗುವಿಗೆ ಒಂದು ಫ್ರಾಕು. ಕತ್ತರಿಸುವುದರಿಂದ ಹಿಡಿದು ಕೊನೆಯ ಗುಂಡಿಯವರೆಗೂ ನನ್ನದೇ ಕೈ. ಜನ್ಮದಲ್ಲಿ ಒಂದಾದರೂ ಬಟ್ಟೆ ಪೂರ್ತಿ ನನ್ನದು ಎನ್ನುವ ಹಾಗಿರಬೇಕು.

ಹಳದಿ ಬಟ್ಟೆ ತಂದು ಹೊಲಿಗೆ ಶುರು ಮಾಡಿದಾಗ ಮಗುವಿಗೆ ಮೂರು ತಿಂಗಳು. ಹೊಲಿದಳು. ಮೇಜಿನ ಮೇಲೆ ಹಾಸಿದಳು. ಹಾಸಿದ ಕೂಡಲೇ ಕೈ ತಾನಾಗಿ ಕೊರಳ ಕತ್ತರಿಗೆ ಹೋಯಿತು. ಹೊಲಿಯುವವಳು ಮನೆಯವಳು, ನೋಡುವವಳು ಫ್ಯಾಕ್ಟರಿಯವಳು; ಒಂದೇ ಮೈಯಲ್ಲಿದ್ದರೂ ಇಬ್ಬರಿಗೂ ಮಾತುಕತೆ ಇರಲಿಲ್ಲ. ಹನ್ನೆರಡು ಬಾಣ. ಬಿಚ್ಚಿದಳು. ಮತ್ತೆ ಹೊಲಿಯುವಷ್ಟರಲ್ಲಿ ಮಗುವಿನ ತಲೆ ಫ್ರಾಕಿನ ಕೊರಳಿನಲ್ಲಿ ತೂರದಷ್ಟು ದಪ್ಪವಾಗಿತ್ತು. ಹೊಸದಾಗಿ ಕತ್ತರಿಸಿದಳು. ಅದಕ್ಕೂ ಅದೇ ಗತಿ. ಫ್ರಾಕು ಬೆಳೆಯಲಿಲ್ಲ, ಮಗು ಮಾತ್ರ ಬೆಳೆಯಿತು.

"ಈ ಮಿಷನ್ನೇ ಸರಿ ಇಲ್ಲ, ಎಡಕ್ಕೆ ಎಳೆಯುತ್ತೆ" ಎಂದು ಆಕೆ ಗೊಣಗಿದರೆ, ಅಂದಾಜಪ್ಪ ಅಂಗಳದಿಂದಲೇ ಹೇಳುತ್ತಿದ್ದ: "ಹೌದೇ, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

ಇವತ್ತು ಮಗುವಿಗೆ ವರ್ಷ ತುಂಬಿತು. ಚಳಿ ಹೋಗಿ, ಬಿಸಿಲಿಗೆ ಇನ್ನೂ ಹಲ್ಲು ಬಾರದ ಹಿತವಾದ ದಿನ. ಕಾಂಪೌಂಡಿನಾಚೆಯ ಮರದಲ್ಲಿ ತಾಮ್ರದ ಬಣ್ಣದ ಚಿಗುರು. ಮಗ ಕೆಲಸಕ್ಕೆ ಹೋಗಿದ್ದ. ಮಗು ಚಾಪೆಯ ಮೇಲೆ ಒಂದು ಮರದ ಚಮಚವನ್ನು ಗಂಭೀರವಾಗಿ ಜಗಿಯುತ್ತಿತ್ತು. ಸೊಸೆ ಬಟ್ಟೆ ಮಡಚುತ್ತಲೇ, ದನಿ ಏರಿಸದೆ, ವಿಷಯ ಇಟ್ಟಳು.

"ಅತ್ತೆ, ಸ್ಟುಡಿಯೋದವರು ನಾಲ್ಕಕ್ಕೆ ಬನ್ನಿ ಅಂದಿದಾರೆ. ಫೋಟೋ ತೆಗೆಸಲೇಬೇಕು, ಮುಂದಿನ ವಾರ ಅವರು ಊರಲ್ಲಿರಲ್ಲ."

"ನಾಲ್ಕಕ್ಕೆ ತಾನೇ? ಒಂದು ತೋಳು, ಅಂಚು, ಗುಂಡಿ. ಅಷ್ಟೇ ಉಳಿದಿರೋದು."

"ಅಷ್ಟೇ ಅಂತ ಹೋದ ತಿಂಗಳೂ ಅಂದಿದ್ರಿ. ಮೂರೂವರೆವರೆಗೆ ಕಾಯ್ತೀನಿ. ಆಗಿಲ್ಲ ಅಂದ್ರೆ ಗುಲಾಬಿ ಹಾಕ್ತೀನಿ. ಬೇಜಾರು ಮಾಡ್ಕೋಬಾರದು."

ಗುಲಾಬಿ ಎಂದರೆ ಅಂಗಡಿಯಿಂದ ತಂದ ಜಾಲರಿಯ ಫ್ರಾಕು. ಇಸ್ತ್ರಿಯಾಗಿ ಬಾಗಿಲ ಹಿಂದೆ ನೇತಾಡುತ್ತಿತ್ತು, ತನ್ನ ಸರದಿ ಬಂದೇ ಬರುತ್ತದೆ ಎಂಬ ಧೈರ್ಯದಲ್ಲಿ. ಅದರ ಮೇಲೆ ಆಗಲೇ ಹನ್ನೊಂದು ಬಾಣ ಬಿದ್ದಿದ್ದವು. ಸೊಸೆ ಹತ್ತನ್ನು ಕಿತ್ತಿದ್ದಳು. ಹನ್ನೊಂದನೆಯದು ಅವಳಿಗೂ ಸರಿ ಎನಿಸಿ ಅಲ್ಲಿಗೆ ಎರಡು ಹೊಲಿಗೆ ಹಾಕಿದ್ದಳು.

ಚೆಕಿಂಗಮ್ಮ ಕಿಟಕಿಯ ಪಕ್ಕ ಮಿಷನ್ನಿಗೆ ಕೂತಳು. ಕಿಟಕಿಯಾಚೆ ಅಂದಾಜಪ್ಪನ ತೋಟ. ತೋಟ ಎಂದರೆ ಅಡುಗೆಮನೆ ಬಾಗಿಲಿನಿಂದ ಕಾಂಪೌಂಡಿನವರೆಗೆ ಎಂಟು ಹೆಜ್ಜೆ ಮಣ್ಣು. ಟೊಮೇಟೊ, ಬದನೆ, ಮೆಣಸಿನಕಾಯಿ, ಸೂರ್ಯಕಾಂತಿ, ಎಲ್ಲ ಬೀಜವನ್ನೂ ಒಂದೇ ಡಬ್ಬಿಯಲ್ಲಿ ಕಲಸಿ, ಅಡುಗೆಗೆ ಉಪ್ಪು ಹಾಕಿದಂತೆ ಹಿಡಿಹಿಡಿಯಾಗಿ ಎರಚಿದ್ದ. ಈಗ ಎಲ್ಲವೂ ಕಳೆಯ ಸಮೇತ ಬಸ್‌ಸ್ಟ್ಯಾಂಡಿನ ಜನರಂತೆ ಒಂದರ ಮೇಲೊಂದು ಬಿದ್ದು ಎದ್ದಿದ್ದವು.

ಅಂದಾಜಪ್ಪ ಕಿಟಕಿಗೆ ಬಂದು ಕೈ ಚಾಚಿದ. "ಏ, ನಿನ್ನ ಆ ಕೆಂಪು ಸ್ಟಿಕ್ಕರು ಒಂದು ಹಾಳೆ ಕೊಡೇ."

"ನಿಮಗ್ಯಾಕೆ?"

"ಗಿಡ ಜಾಸ್ತಿಯಾಗಿದೆ. ಗುರುತು ಹಾಕಿ ಆರಿಸಬೇಕು."

ಚೆಕಿಂಗಮ್ಮನ ಕಣ್ಣು ತುಂಬಿ ಬರುವುದೊಂದು ಬಾಕಿ. ಅರವತ್ತು ದಾಟಿದ ಮೇಲಾದರೂ ಈ ಮನುಷ್ಯನಿಗೆ ಚೆಕ್ ಮಾಡುವ ಬುದ್ಧಿ ಬಂತಲ್ಲ! ಒಂದಲ್ಲ, ಎರಡು ಹಾಳೆ ಕೊಟ್ಟಳು. ಆತ ಕುಕ್ಕರುಗಾಲಿನಲ್ಲಿ ಕೂತು, ಒಂದೊಂದು ಗಿಡದ ಎಲೆಯನ್ನೂ ಮಗುವಿನ ಕೆನ್ನೆ ಹಿಡಿದಂತೆ ಹಿಡಿದು ನೋಡಿ, ಬಾಣ ಅಂಟಿಸುತ್ತ ಹೋದ. ಆಮೇಲೆ ಕೋಲು, ಹುರಿ ತರುತ್ತೇನೆಂದು ಅಂಗಡಿಗೆ ಹೊರಟ.

ಒಂದೂವರೆ ಹೊತ್ತಿಗೆ ಗುಂಡಿಯೂ ಆಯಿತು. ಚೆಕಿಂಗಮ್ಮ ಫ್ರಾಕನ್ನು ಮೇಜಿನ ಮೇಲೆ ಹಾಸಿದಳು. ಸೊಸೆ ಪಕ್ಕಕ್ಕೆ ಬಂದು ನಿಂತಳು. ಕೊರಳು ಸರಿ. ಬೆನ್ನು ಸರಿ. ಅಂಚು ಸರಿ. ಎರಡೂ ತೋಳನ್ನು ಒಂದರ ಮೇಲೊಂದು ಮಡಚಿದಳು. ಎಡತೋಳು ಅರ್ಧ ಬೆರಳು ಉದ್ದ.

"ಅತ್ತೆ, ಅದು ಯಾರಿಗೂ ಕಾಣಲ್ಲ."

"ನನಗೆ ಕಾಣುತ್ತಲ್ಲಮ್ಮ."

"ನಿಮಗೆ ಕಾಣೋದೆಲ್ಲ ಲೆಕ್ಕಕ್ಕೆ ತಗೊಂಡ್ರೆ ನಾವ್ಯಾರೂ ಮನೆಯಿಂದ ಆಚೆ ಹೋಗೋ ಹಾಗಿಲ್ಲ."

ಚೆಕಿಂಗಮ್ಮ ತೋಳಿನ ಮೇಲೆ ಒಂದು ಬಾಣ ಅಂಟಿಸಿದಳು. ಬಿಚ್ಚಿ ಮತ್ತೆ ಕೂಡಿಸಲು ಒಂದು ಗಂಟೆ ಸಾಕು. ಮೊದಲು ಕಣ್ಣಿಗೆ ಸ್ವಲ್ಪ ಗಾಳಿ ಬೇಕೆಂದು ತೋಟಕ್ಕೆ ಬಂದಳು.

ಬಂದರೆ, ಹಸಿರಿನ ಮಧ್ಯೆ ಇಪ್ಪತ್ತಮೂರು ಕೆಂಪು ಬಾಣ!

ಮೂವತ್ತೊಂದು ವರ್ಷ ಬಾಣ ಬಿದ್ದದ್ದನ್ನು ಪಕ್ಕಕ್ಕೆ ತೆಗೆದ ಕೈಗಳವು. ಗಂಡ ಬರುವಷ್ಟರಲ್ಲಿ ಅವನ ಸೊಂಟಕ್ಕೆ ನೋವು ತರುವ ಈ ಕೆಲಸ ಮುಗಿಸಿಡೋಣ ಎಂದು ಪ್ರೀತಿಯೂ ಉಕ್ಕಿತು. ಬಾಣ ಇದ್ದ ಗಿಡಗಳನ್ನೆಲ್ಲ ಒಂದೂ ಬಿಡದಂತೆ ಬೇರುಸಮೇತ ಕಿತ್ತಳು. ಕಿತ್ತದ್ದನ್ನು ಕಾಂಪೌಂಡಿನ ಬುಡದಲ್ಲಿ ಬೇರುಗಳೆಲ್ಲ ಒಂದೇ ದಿಕ್ಕಿಗೆ ಬರುವಂತೆ ಸಾಲಾಗಿ ಮಲಗಿಸಿದಳು. ಕೈ ಕೊಡವಿ ಎದ್ದಾಗ ಗೇಟಿನ ಸದ್ದಾಯಿತು.

ಅಂದಾಜಪ್ಪ ಕೋಲಿನ ಕಟ್ಟು ಹೆಗಲಿನಿಂದಿಳಿಸಿ ಮಣ್ಣು ನೋಡಿದ. ಹೆಂಡತಿಯನ್ನು ನೋಡಿದ. ಮತ್ತೆ ಮಣ್ಣು ನೋಡಿದ.

"ನನ್ನ ಗಿಡಗಳೆಲ್ಲಿ?"

"ವಾಪಸ್ ಕಳಿಸಿದೆ" ಎಂದಳು ಚೆಕಿಂಗಮ್ಮ ಹೆಮ್ಮೆಯಿಂದ. "ಇಪ್ಪತ್ತಮೂರೂ."

"ಅಯ್ಯೋ, ಅವು ಇಟ್ಕೋಬೇಕಾದವು ಕಣೇ! ಬಾಣ ಇಲ್ಲದ್ದನ್ನ ಕೀಳಬೇಕಿತ್ತು!"

"ಇಟ್ಕೋಬೇಕಾದ್ದಕ್ಕೆ ಯಾರಾದ್ರೂ ಕೆಂಪು ಅಂಟಿಸ್ತಾರೇನ್ರೀ?"

"ನಮ್ಮ ಹಾಸ್ಟೆಲಲ್ಲಿ ಕೆಂಪು ಬಳಿದ ಡಬ್ಬಿ ಅಂದ್ರೆ ಮುಟ್ಟಬೇಡಿ ಅಂತ. ಇಡೀ ಅಡುಗೆಮನೇಲಿ ಒಬ್ಬನೂ ಮುಟ್ಟುತ್ತಿರಲಿಲ್ಲ!"

"ನಮ್ಮ ಫ್ಯಾಕ್ಟರಿಯಲ್ಲಿ ಕೆಂಪು ಇದ್ದದ್ದನ್ನೇ ಮೊದಲು ಮುಟ್ಟೋದು!"

ಅಡುಗೆಮನೆ ಬಾಗಿಲಲ್ಲಿ ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದ ಸೊಸೆ, "ಮಾವ, ಅತ್ತೆ, ನೀವಿಬ್ಬರೂ ಮೂವತ್ತೈದು ವರ್ಷದಿಂದ ಒಂದೇ ಮನೇಲಿ ತಾನೇ ಇದ್ದೀರ?" ಎಂದು ಕೇಳಿದಳು. 

ಚೆಕಿಂಗಮ್ಮನ ಮುಖ ಸಣ್ಣದಾಯಿತು. ಸರಿಯಾದದ್ದನ್ನು ತಪ್ಪೆಂದು ತಾನು ತೆಗೆದುಹಾಕಿದ್ದು ಇದೇ ಮೊದಲು. ಕನಿಷ್ಠ, ಗೊತ್ತಾದದ್ದು ಇದೇ ಮೊದಲು. ಇಷ್ಟು ವರ್ಷದ ಅಂಗಿಗಳೆಲ್ಲ ಒಮ್ಮೆ ಕಣ್ಣ ಮುಂದೆ ಸಾಲಾಗಿ ಬಂದು ಹೋದವು.

ಅಂದಾಜಪ್ಪ ಬೈಯಲಿಲ್ಲ. ಸಿಟ್ಟನ್ನೂ ಅಂದಾಜಿನಲ್ಲೇ ಮಾಡುವ ಮನುಷ್ಯ. ಬಂದಷ್ಟೇ ಬೇಗ ಇಳಿಯಿತು. ಕಿತ್ತ ಗಿಡಗಳ ಮೇಲೆ ನೀರು ಚಿಮುಕಿಸಿ, "ಬೇರಲ್ಲಿ ಮಣ್ಣಿದೆ, ಜೀವ ಇದೆ. ಬಾ, ಕೂತ್ಕೋ" ಎಂದ. ಬೆರಳಿನಿಂದ ಮಣ್ಣಿಗೆ ಗುಳಿ ಹೊಡೆಯುತ್ತ ಹೋದ. ಆಕೆ ಎದುರು ಕೂತು ಒಂದೊಂದನ್ನೇ ಇಳಿಸಿದಳು.

"ಎಷ್ಟು ದೂರಕ್ಕೊಂದು?"

"ಗೇಣು."

"ಯಾರ ಗೇಣು?"

"ನಿಂದೇ ಇರಲಿ."

ಒಂದು ಸೂರ್ಯಕಾಂತಿ ಸಸಿ ವಾಲಿಕೊಂಡಿತ್ತು. ಚೆಕಿಂಗಮ್ಮ ಕಿತ್ತು ನೇರ ಮಾಡಿ ನೆಟ್ಟಳು. ಮತ್ತೆ ವಾಲಿತು. ಮತ್ತೆ ಕಿತ್ತಳು. ಮೂರನೆಯ ಸಲ ಅಂದಾಜಪ್ಪ ಆಕೆಯ ಮಣ್ಣುಗೈ ಹಿಡಿದುಕೊಂಡ.

"ಬಿಡೇ ಅದನ್ನ. ವಾಲಿದ್ದು ಎದ್ದುಕೊಳ್ಳುತ್ತೆ. ಹೀಗೆ ಕಿತ್ತು ನೆಟ್ಟು, ಕಿತ್ತು ನೆಟ್ಟು ಮಾಡಿದ್ರೆ ಬೇರು ಉಳಿಯಲ್ಲ."

ಚೆಕಿಂಗಮ್ಮ ಸಸಿಯನ್ನು ಬಿಟ್ಟಳು. ಏನೋ ನೆನಪಾದವಳಂತೆ ಎದ್ದು, ಕೈ ತೊಳೆದು, ಒಳಗೆ ಹೋಗಿ ಫ್ರಾಕಿನ ತೋಳನ್ನು ಬೆಳಕಿಗೆ ಹಿಡಿದಳು. ಕೂಡಿಸಿದ ಸಾಲಿನ ಉದ್ದಕ್ಕೂ ಬಟ್ಟೆ ಜರಡಿಯಾಗಿತ್ತು. ಆರು ಸಲ ಬಿಚ್ಚಿ ಆರು ಸಲ ಹೊಲಿದ ಸೂಜಿಯ ತೂತುಗಳು. ಏಳನೆಯ ಸಲ ಬಿಚ್ಚಿದರೆ ತೋಳು ಕೈಗೆ ಬರುತ್ತದೆ, ಫ್ರಾಕು ಒರೆಸುವ ಬಟ್ಟೆಯಾಗುತ್ತದೆ. ಇದನ್ನು ಫ್ಯಾಕ್ಟರಿಯ ಹುಡುಗಿಯರು ಎಷ್ಟು ಸಲ ಹೇಳಿದ್ದರು! 'ಅಕ್ಕಾ, ಇನ್ನೊಂದು ಸಲ ಬಿಚ್ಚಿದ್ರೆ ಬಟ್ಟೆ ತಡೆಯಲ್ಲ.' ಈಕೆ ಅದನ್ನು ಸೋಮಾರಿಗಳ ಮಾತೆಂದುಕೊಂಡಿದ್ದಳು.

ಗಡಿಯಾರ ಮೂರು ಇಪ್ಪತ್ತೆಂಟು ತೋರಿಸುತ್ತಿತ್ತು. ಅಂದರೆ ಮೂರೂವರೆ. ಸೊಸೆ ಬಾಗಿಲ ಹಿಂದಿನ ಗುಲಾಬಿಗೆ ಕೈ ಹಾಕಿ, ತೆಗೆಯದೆ, ಸುಮ್ಮನೆ ಕಾದಳು.

"ಇದನ್ನೇ ಹಾಕಮ್ಮ" ಎಂದು ಚೆಕಿಂಗಮ್ಮ ಹಳದಿ ಫ್ರಾಕು ಚಾಚಿದಳು.

"ತೋಳು?"

"ಒಂದು ಉದ್ದ, ಒಂದು ಗಿಡ್ಡ. ಇರಲಿ. ಪಾಸ್."

ಆ 'ಪಾಸ್' ಎಂಬ ಮಾತು ಬಾಯಿಂದ ಬರುವಾಗ ಆಕೆಗೆ ಹಲ್ಲು ಕಿತ್ತಷ್ಟು ನೋವಾಯಿತು ಎಂಬುದು ಸೊಸೆಗೆ ಕಂಡಿತು. ಅವಳು, ಅತ್ತೆ ಮನಸ್ಸು ಬದಲಾಯಿಸುವ ಮುಂಚೆ, ಗಬಕ್ಕನೆ ಮಗುವಿನ ತಲೆಗೆ ಫ್ರಾಕು ತೂರಿಸಿದಳು. ಸರಿಯಾಗಿ ಕೂತಿತು. ಮಗು ತನ್ನ ಹೊಟ್ಟೆಯನ್ನು ತಾನೇ ಬಗ್ಗಿ ನೋಡಿಕೊಂಡು, ಹಳದಿಯನ್ನು ಎರಡು ಸಲ ತಟ್ಟಿ, ಉದ್ದದ ತೋಳಿನ ತುದಿಯನ್ನು ಚಪ್ಪರಿಸತೊಡಗಿತು.

"ಆ ಉದ್ದ ಯಾಕೆ ಬೇಕಿತ್ತು ಅಂತ ಈಗ ಗೊತ್ತಾಯ್ತು" ಎಂದ ಅಂದಾಜಪ್ಪ.

"ಇರಿ, ಬಾಣ ತೆಗೀತೀನಿ" ಎಂದು ಚೆಕಿಂಗಮ್ಮ ತೋಳು ನೋಡಿದರೆ ಬಾಣವೇ ಇಲ್ಲ! ಸೊಸೆ ತಕ್ಷಣ ಮಗುವಿನ ಬಾಯಿಗೆ ಬೆರಳು ಹಾಕಿ ಹುಡುಕಿದಳು. ಎರಡೂವರೆ ಹಲ್ಲು, ಚಮಚದ ಒಂದು ಚೂರು ಮರ, ಮತ್ತೇನೂ ಸಿಗಲಿಲ್ಲ. ಚಾಪೆ ಕೊಡವಿದರು, ಮೇಜಿನ ಕೆಳಗೆ ನೋಡಿದರು. ಹೊತ್ತಾಗುತ್ತಿತ್ತು, ಹೊರಟರು.

ಸ್ಟುಡಿಯೋದಲ್ಲಿ ಮಗು ಒಂಟಿಯಾಗಿ ಕುರ್ಚಿಯ ಮೇಲೆ ಕೂರಲೊಲ್ಲದೆ ಬೊಬ್ಬೆ ಹಾಕಿತು. "ಅಜ್ಜಿ ಎತ್ಕೊಳ್ಳಲಿ ಬಿಡಿ" ಎಂದ ಫೋಟೋದವನು. ಚೆಕಿಂಗಮ್ಮ ಉದ್ದದ ತೋಳು ತನ್ನ ಮೈಗೆ ಒತ್ತುವಂತೆ ಮಗುವನ್ನು ಜಾಣತನದಿಂದ ಎತ್ತಿಕೊಂಡಳು. "ನಗಬೇಕು ಅಜ್ಜಿ, ನೀವು ಚೆಕಿಂಗಿಗೆ ನಿಂತ ಹಾಗೆ ನಿಂತಿದೀರಿ" ಎಂದು ಅವನು ಏನೂ ಗೊತ್ತಿಲ್ಲದೆ ಹೇಳಿದ. ಸೊಸೆಗೆ ತಡೆಯಲಾಗದ ನಗು ಬಂತು. ಅದನ್ನು ನೋಡಿ ಮಗುವಿಗೂ, ಮಗುವನ್ನು ನೋಡಿ ಚೆಕಿಂಗಮ್ಮನಿಗೂ.

ಫೋಟೋ ಮೂರು ದಿನಕ್ಕೆ ಬಂತು. ಅಷ್ಟರಲ್ಲಿ ಇಪ್ಪತ್ತಮೂರು ಗಿಡಗಳಲ್ಲಿ ಹತ್ತೊಂಬತ್ತು ತಲೆಯೆತ್ತಿ ನಿಂತಿದ್ದವು, ವಾಲಿದ್ದ ಸೂರ್ಯಕಾಂತಿಯೂ ಸೇರಿ. ಆ ಹತ್ತೊಂಬತ್ತರಲ್ಲಿ ಆರು ಶುದ್ಧ ಕಳೆ ಎಂದು ಪಕ್ಕದ ಮನೆಯವರು ಬಂದು ತೋರಿಸಿದರು. "ಅಂದಾಜಿಗೆ ಆರು ಹೆಚ್ಚುಕಮ್ಮಿ" ಎಂದು ಅಂದಾಜಪ್ಪ ನಾಚಿಕೆಯಿಲ್ಲದೆ ಅವಕ್ಕೂ ನೀರು ಹಾಕಿದ.

ಎಲ್ಲರೂ ಫೋಟೋದ ಸುತ್ತ ಬಗ್ಗಿದರು. ಮಗು ಬಾಯಿ ತುಂಬ ನಗುತ್ತಿತ್ತು. ಫ್ರಾಕು ಫಳಫಳ ಹೊಳೆಯುತ್ತಿತ್ತು. ತೋಳು ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಚೆಕಿಂಗಮ್ಮನ ಭುಜದ ಮೇಲೆ, ಕ್ಯಾಮೆರಾಕ್ಕೆ ಎದುರಾಗಿ, ಒಂದು ಕೆಂಪು ಬಾಣ. ಅದರ ಮೂತಿ ಆಕೆಯ ಮುಖದ ಕಡೆಗಿತ್ತು.

"ನೋಡೇ" ಎಂದ ಅಂದಾಜಪ್ಪ, ಬಿದ್ದು ಬಿದ್ದು ನಗುತ್ತ. "ಇಷ್ಟು ವರ್ಷಕ್ಕೆ ಒಂದು ಬಾಣ ಸರಿಯಾದ ಜಾಗಕ್ಕೆ ಬಿದ್ದಿದೆ. ನನ್ನ ಮೊಮ್ಮಗಳು ಅಂಟಿಸಿದ್ದು!"

ಚೆಕಿಂಗಮ್ಮ ಕನ್ನಡಕ ಏರಿಸಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹಳದಿ ಫ್ರಾಕನ್ನು ನೋಡಿದಳು, ತನ್ನದೇ ನಗುಮುಖವನ್ನು ನೋಡಿದಳು. ಕತ್ತರಿಗೆ ಕೈ ಹೋಗಲಿಲ್ಲ.

"ಎಲ್ಲಿ ಸರಿಯಾಗಿದೆ?" ಎಂದಳು ಕೊನೆಗೆ. "ಸ್ವಲ್ಪ ಎಡಕ್ಕೆ ವಾಲಿದೆ. ಇರಲಿ, ಪಾಸ್."