ಡಿಕ್ಕಿ ತುಂಬಾ ತವರು

ಅಪ್ಪನ ಹಳೆಯ ಕಾರಿಗೆ ಒಂದು ಕೆಟ್ಟ ಚಾಳಿ ಇತ್ತು. ಹಿಂದಿನ ಸೀಟಿನಲ್ಲಿ ಮೂರು ಜನ ಕೂತು, ಡಿಕ್ಕಿಯಲ್ಲಿ ಒಂದಿಷ್ಟು ಸಾಮಾನು ಇಟ್ಟರೆ ಸಾಕು, ಹಿಂಭಾಗ ಕುಸಿದು ಕಾವಿಗೆ ಕೂತ ಕೋಳಿಯ ಹಾಗೆ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಮೂತಿ ಮಾತ್ರ ಮೇಲೆ. ಸಂಜೆಯಾದರೆ ಹೆಡ್‌ಲೈಟ್ ರಸ್ತೆ ಬಿಟ್ಟು ಎದುರಿನ ಲಾರಿಯವರ ಕಣ್ಣಿಗೇ ಹೊಡೆಯುತ್ತಿತ್ತು. ಅವರು ಬೈಯುವುದು, ಅಪ್ಪ "ಡಿಮ್ಮಲ್ಲೇ ಇದೆಯಲ್ಲ ಮಾರಾಯ!" ಎಂದು ಗೊಣಗುವುದು, ನಾನೂ ತಮ್ಮನೂ ಹಿಂದೆ ಕೂತು ಕಿಸಿಕಿಸಿ ನಗುವುದು. ಭದ್ರಾವತಿಯಿಂದ ಶಿವಮೊಗ್ಗದವರೆಗಿನ ಒಂದೊಂದು ರೋಡ್ ಹಂಪಿಗೂ ನಮ್ಮ ಸೈಲೆನ್ಸರಿನ ಪರಿಚಯವಿತ್ತು.

ಆ ಕಾರನ್ನು ಮಾರಿ ಆಯಿತು. ಈಗ ನಮ್ಮ ಮನೆಯಲ್ಲಿರುವುದು ಎಷ್ಟು ತುಂಬಿದರೂ ಜಗ್ಗದ ಹೊಸ ಗಾಡಿ. ಒಳ್ಳೆಯದೇ ಬಿಡಿ. ಆದರೂ ಹಂಪು ದಾಟುವಾಗ ಕೆಳಗೆ ಏನೂ ತಾಗದಿದ್ದರೆ ನನಗೇನೋ ಬಿಟ್ಟುಬಂದ ಹಾಗಾಗುತ್ತದೆ.

ಸ್ಪ್ರಿಂಗ್ ಬದಲಾಯಿಸಿ ಅಂದರೆ ಅಪ್ಪ ಒಪ್ಪುತ್ತಿರಲಿಲ್ಲ. "ಸ್ಪ್ರಿಂಗಿಗೆ ಏನೂ ಆಗಿಲ್ಲ, ನಿಮ್ಮಮ್ಮಂಗೆ ಆಗಿದೆ" ಎನ್ನುತ್ತಿದ್ದರು. ಉಕ್ಕಿನ ಕಾರ್ಖಾನೆಯಲ್ಲಿ ಆಯಸ್ಸು ಸವೆಸಿದ ಮನುಷ್ಯ, ಕಬ್ಬಿಣದ ವಿಚಾರದಲ್ಲಿ ಅವರ ಮಾತಿಗೆ ಎದುರಿಲ್ಲ. ಹೊರಡುವ ಮುಂಚೆ ಹಿಂದಿನ ಟೈರಿಗೂ ಮಡ್ಗಾರ್ಡಿಗೂ ನಡುವೆ ಕೈ ತೂರಿಸಿ ನೋಡುವುದು ಅವರ ಪದ್ಧತಿ. ನಾಲ್ಕು ಬೆರಳು ಹಿಡಿಸಿದರೆ ಹೊರಡುವುದು. ಕಡಿಮೆಯಾದರೆ ಸಾಮಾನು ಇಳಿಯಬೇಕು, ಇಲ್ಲವೇ ಜನ ಇಳಿಯಬೇಕು. ಸಾಮಾನು ಇಳಿಸಲು ಅಮ್ಮ ಬಿಡುತ್ತಿರಲಿಲ್ಲವಾದ್ದರಿಂದ ತಮ್ಮನೋ ನಾನೋ ಬಸ್ ಹತ್ತುತ್ತಿದ್ದೆವು. ಒಂದು ಮದುವೆಗೆ ಹಲಸಿನಹಣ್ಣುಗಳು ಕಾರಿನಲ್ಲಿ ಆರಾಮಾಗಿ ಬಂದವು, ನಾನು ರೇಷ್ಮೆ ಲಂಗ ಉಟ್ಟುಕೊಂಡು ಬಸ್ಸಿನಲ್ಲಿ ನಿಂತು ಬಂದೆ. ಅದನ್ನು ನಾನು ಇವತ್ತಿಗೂ ಮರೆತಿಲ್ಲ, ಮರೆಯುವುದೂ ಇಲ್ಲ.

ನನ್ನ ಬಾಣಂತನ ಭದ್ರಾವತಿ ನ್ಯೂ ಟೌನಿನ ಅಪ್ಪನ ಕಾರ್ಖಾನೆ ಕ್ವಾರ್ಟರ್ಸಿನಲ್ಲೇ ಆಯಿತು. ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರು ಹಾಕುವುದು, ಸಾಂಬ್ರಾಣಿ ಹೊಗೆ ಹಿಡಿಯುವುದು, ಬಟ್ಟೆ ಸುತ್ತಿ ಮಲಗಿಸುವುದು, ಎಲ್ಲ ಅಮ್ಮನೇ. ಮಗು ನನ್ನ ಕೈಗೆ ಬರುತ್ತಿದ್ದದ್ದು ಹಾಲಿಗೆ ಮಾತ್ರ. ಐದನೇ ತಿಂಗಳಲ್ಲಿ ಶಿವಮೊಗ್ಗದ ಗಂಡನ ಮನೆಗೆ ಹೊರಡುವುದೆಂದು ನಿಶ್ಚಯವಾದಾಗ ನನಗೆ ಹತ್ತಿದ್ದು ಒಂದೇ ಚಿಂತೆ. ಎಣ್ಣೆ ಮೈಯ ಮಗು ಕೈಜಾರಿಬಿಟ್ಟರೆ? ಅತ್ತೆಗೆ ಮಂಡಿನೋವು, ಬಚ್ಚಲಲ್ಲಿ ನೆಲಕ್ಕೆ ಕೂರಲಾರರು. ಹೀಗೆ ಹೊರಡುವಾಗ ತಾಯಿಯೇ ಜೊತೆಗೆ ಹೋಗಿ ಬಿಟ್ಟುಬರುವುದು ನಮ್ಮಲ್ಲಿ ವಾಡಿಕೆ. "ನಾನೇ ಬರ್ತೀನಲ್ಲೇ, ನಾಲ್ಕು ದಿನ ಇದ್ದು ನಿನ್ನ ಕೈಲೇ ನೀರು ಹಾಕಿಸಿ ಬರ್ತೀನಿ" ಎಂದಿದ್ದಳು ಅಮ್ಮ. ನಾನು ಆ ಒಂದು ಮಾತನ್ನೇ ನೆಚ್ಚಿಕೊಂಡಿದ್ದೆ.

ಹೊರಡುವ ದಿನ ಬೆಳಿಗ್ಗೆ ಕಾರು ನೋಡಿ ನನಗೆ ತಲೆ ತಿರುಗಿತು. ಡಿಕ್ಕಿಯಲ್ಲಿ ಬಿಚ್ಚಿ ಕಟ್ಟಿದ ತೊಟ್ಟಿಲು, ಹಿತ್ತಾಳೆ ಹಂಡೆ, ತುಪ್ಪದ ಡಬ್ಬ, ಅಂಟಿನುಂಡೆ, ತೆಂಗಿನಕಾಯಿ ಮೂಟೆ, ಅದರ ಮೇಲೊಂದು ಅಕ್ಕಿ ಚೀಲ. ಮುಂದಿನ ಸೀಟಿನಲ್ಲಿ ಹಾಸಿಗೆ ಸುರುಳಿ. ಹಿಂದೆ, ನನ್ನ ಪಕ್ಕ ಅಮ್ಮ ಕೂರಬೇಕಾದ ಜಾಗದಲ್ಲಿ ಇನ್ನೊಂದು ಅಕ್ಕಿ ಚೀಲ! ಅಪ್ಪ ಬಗ್ಗಿ ಟೈರಿನ ಮೇಲೆ ಕೈ ತೂರಿಸಿದರು. ಎರಡು ಬೆರಳೂ ಕಷ್ಟವಿತ್ತು.

"ಏ ಮಾರಾಯ್ತಿ, ಇದೇನು ಕಾರೋ ಎತ್ತಿನಗಾಡಿಯೋ? ಅಕ್ಕಿ ಇಳಿಸು. ನೀನು ಕೂರೋದು ಬೇಡ್ವಾ?" ಎಂದರು ಅಪ್ಪ.

"ಇಳಿಸ್ಬೇಡಿ ರೀ. ಮಗು ಹೊರಡೋವಾಗ ತುಂಬಿದ್ದನ್ನ ಖಾಲಿ ಮಾಡ್ಬಾರ್ದು. ನಾನು ಆಮೇಲೆ ಬಸ್ಸಿಗೆ ಬರ್ತೀನಿ."

"ಇದ್ಯಾವ ಶಾಸ್ತ್ರ? ಆಮೇಲೆ ಅಂದ್ರೆ ಯಾವಾಗಮ್ಮ?" ಎಂದೆ ನಾನು.

"ಬರ್ತೀನಿ ಅಂದ್ನಲ್ಲ. ಹತ್ತು, ಹೊತ್ತಾಯ್ತು."

ನನಗೆ ಮೈ ಉರಿದುಹೋಯಿತು. "ನಿನಗೆ ನನಗಿಂತ ಅಕ್ಕಿ ಹೆಚ್ಚಾಯ್ತಲ್ಲ! ನೀನೇ ಇಟ್ಕೋ" ಎಂದು ಚೀಲದ ಮೂಲೆ ಹಿಡಿದು ಎಳೆದೆ. ಬಾಣಂತಿ ಭಾರ ಎತ್ತಬಾರದೆಂದು ಅಮ್ಮ ನನ್ನ ಕೈ ಸರಿಸಿದಳು. ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟು, ದೃಷ್ಟಿ ತೆಗೆದು, ನನ್ನ ತೊಡೆ ಮೇಲೆ ಮಲಗಿಸಿ ಬಾಗಿಲು ಹಾಕಿದಳು. ಅಪ್ಪ ಕಾರು ಹೊರಡಿಸಿದರು.

ಹಂಪು ಬಂದಾಗಲೆಲ್ಲ ಅಪ್ಪ ಕಾರನ್ನು ಓರೆ ಮಾಡಿಕೊಂಡು ಒಂದೊಂದೇ ಚಕ್ರ ಹತ್ತಿಸಿ ಇಳಿಸುತ್ತಿದ್ದರು. ಆದರೂ ಕೆಳಗೆ ಕರ್ರೆಂದು ಕೆರೆಯುತ್ತಿತ್ತು. ಹಿಂದಿನವರು ಹಾರನ್ ಮೇಲೆ ಹಾರನ್. ಅಮ್ಮನ ಮೇಲಿನ ಸಿಟ್ಟನ್ನೆಲ್ಲ ನಾನು ಅಪ್ಪನ ಮೇಲೆ ತೀರಿಸಿಕೊಂಡೆ. "ನೀವಾದ್ರೂ ಗದರಿಸ್ಬಾರ್ದಿತ್ತಾ? ನಾಳೆ ಮಗುಗೆ ಯಾರು ನೀರು ಹಾಕ್ತಾರೆ? ಈ ಅಕ್ಕಿ ಮೂಟೆ ಹಾಕತ್ತಾ?" ಅಪ್ಪ ಮುಂದಿನ ಹಂಪಿಗೆ ಗೇರ್ ಇಳಿಸಿದರು. ನನ್ನ ಏರುದನಿಗೆ ಮಗು ಎದ್ದು ಅಳತೊಡಗಿತು. ಅದನ್ನು ಸಮಾಧಾನ ಮಾಡುವುದರಲ್ಲಿ ಶಿವಮೊಗ್ಗ ಬಂತು.

ಅತ್ತೆ ಆರತಿ ಎತ್ತಿ ಒಳಗೆ ಕರೆದುಕೊಂಡರು. ಗಂಡ ಕೆಲಸಕ್ಕೆ ಹೋಗಿದ್ದರು, ಅಪ್ಪ ಒಬ್ಬರೇ ಸಾಮಾನು ಇಳಿಸಿದರು. ಹಿಂದಿನ ಸೀಟಿನ ಅಕ್ಕಿ ಚೀಲ ಜಗಲಿಗೆ ಬಂದದ್ದೇ ಅತ್ತೆ ಕಣ್ಣರಳಿಸಿದರು.

"ಅಯ್ಯೋ ಬೀಗರೇ, ಇದು ನಮ್ಮದೇ ಚೀಲ ಅಲ್ವಾ? ಸುಗ್ಗಿ ಮುಗಿದ ಮೇಲೆ ನಾವೇ ಕಳ್ಸಿದ್ದು!"

ಬಗ್ಗಿ ನೋಡಿದೆ. ಹೌದು, ಅತ್ತೆಯ ಕೈಹೊಲಿಗೆಯೇ, ಅದೇ ಹಸಿರು ದಾರ. ಗಾಜನೂರಿನ ಹತ್ತಿರದ ಇವರ ಗದ್ದೆಯ ಅಕ್ಕಿ ಭದ್ರಾವತಿ ನೋಡಿಕೊಂಡು, ಹೊಲಿಗೆ ಕೂಡ ಬಿಚ್ಚದೆ ವಾಪಸ್ ಬಂದಿತ್ತು. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅಪ್ಪನ ಕಡೆ ತಿರುಗಿದೆ. ಅವರು ನಗುತ್ತಿರಲಿಲ್ಲ.

"ಅಮ್ಮಂಗೆ ಗೊತ್ತಾಗ್ಲಿಲ್ವಾ ಅಪ್ಪ?"

"ಗೊತ್ತಿಲ್ದೆ ಏನು? ನಾನು ಸ್ನಾನಕ್ಕೆ ಹೋದಾಗ ಪಕ್ಕದ ಮನೆಯವ್ರನ್ನ ಕರೆದು ಎತ್ತಿ ಇಡ್ಸಿದಾಳೆ. ಆ ಗಾಡಿ ಎಷ್ಟು ಹೊರತ್ತೆ ಅಂತ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು." ಅಪ್ಪ ಜಗಲಿಯ ಮೇಲೆ ಕೂತು ಬೆವರು ಒರೆಸಿಕೊಂಡರು. "ಮದುವೆಯಾದ್ಮೇಲೆ ನಿನ್ನ ಇಲ್ಲಿ ಬಿಟ್ಟು ಹೋದಾಗ ಮನೆ ಮುಟ್ಟೋವರೆಗೂ ಅತ್ಲು. ಈಗ ಮಗೂನೂ ಬಿಟ್ಟು ಬಾ ಅಂದ್ರೆ ಅವಳಿಂದ ಆಗತ್ತಾ? ಬರಲ್ಲ ಅಂತ ಬಾಯಿಬಿಟ್ಟು ಹೇಳೋಕೂ ಆಗಲ್ಲ. ಅದಕ್ಕೇ ಅಕ್ಕಿ ಹೇರಿದ್ಲು."

ನಾನು ಚೀಲದ ಹಸಿರು ಹೊಲಿಗೆಯ ಮೇಲೆ ಕೈಯಿಟ್ಟೆ. ಅತ್ತೆ ನನ್ನ ಕಡೆ ತಿರುಗಿ, "ನಾಳೆ ನಾನು ಸ್ಟೂಲ್ ಹಾಕ್ಕೊಂಡು ನೀರು ಹೊಯ್ತೀನಿ, ನೀನು ಕಾಲ ಮೇಲೆ ಮಲಗಿಸ್ಕೋ. ತಾನಾಗೇ ಬರತ್ತೆ ಬಿಡು" ಎಂದರು.

ಊಟಕ್ಕೆ ನಿಲ್ಲಿ ಎಂದರೆ ಅಪ್ಪ ನಿಲ್ಲಲಿಲ್ಲ. ತಮ್ಮನೂ ಊರಲ್ಲಿಲ್ಲ, ಅವಳೊಬ್ಬಳೇ ಇದ್ದಾಳೆ ಎಂದು ಕಾಫಿ ಕುಡಿದು ಎದ್ದರು. ಭಾರವೆಲ್ಲ ಇಳಿದ ಕಾರು ಗೇಟಿನಾಚೆ ನೆಟ್ಟಗೆ ನಿಂತಿತ್ತು. ಅಪ್ಪ ಮಗುವಿನ ಅಂಗಾಲು ಮುಟ್ಟಿ ಒಳಗೆ ಕೂತರು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯ ಹತ್ತಿರ ಹೋದೆ.

"ಅಮ್ಮಂಗೆ ತಡ್ಕೊಳ್ಳೋಕೆ ಆಗಲ್ಲ ಅಂದ್ರಿ. ನಿಮಗೆ?"

"ನಂದೇನು ಮಾರಾಯ್ತಿ" ಎಂದರು ಅಪ್ಪ, ಕೀ ತಿರುಗಿಸುತ್ತಾ. "ನನ್ನ ಕೈಯಲ್ಲಿ ಸ್ಟೇರಿಂಗ್ ಇರತ್ತೆ. ಅವಳ ಕೈಯಲ್ಲಿ ಇವತ್ತಿಂದ ಏನಿದೆ ಹೇಳು?"