ಎಲ್ಲ ಮಕ್ಕಳೂ ಒಳಗಿದ್ದಾರೆ, ಹಾಲೇಶಪ್ಪ ಸರ್

ಸುಳ್ಳಿರಬೇಕು...
ಇನ್ನೊಂದು ಸಲ ಡಾಕ್ಟರನ್ನ ಕೇಳಿ ನೋಡಿ ಅಂತ ಸರ್ ಅವರ ಭಾಮೈದನಿಗೇ ಹೇಳಿದೆ.
ಆತ ಫೋನಿನಲ್ಲಿ ಅಳುತ್ತಿದ್ದ... ನಾನು ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದೆ.

ಇಂದು ಬೆಳಿಗ್ಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ನಮ್ಮ ಹಾಲೇಶಪ್ಪ ಸರ್ ತೀರಿಕೊಂಡರು.

ಅವರನ್ನು ಕಾಣದ ಸ್ನೇಹಿತರಿಗಾಗಿ ಬರೆಯುತ್ತಿದ್ದೇನೆ...
ಸಂತೇಬೆನ್ನೂರಿನ ಆಚೆ ನಮ್ಮದೊಂದು ಪುಟ್ಟ ಸರ್ಕಾರಿ ಪ್ರಾಥಮಿಕ ಶಾಲೆ.
ಇಬ್ಬರೇ ಟೀಚರ್. ಅವರು ಹೆಡ್ ಮಾಸ್ಟರ್, ನಾನು ಸಹಶಿಕ್ಷಕಿ.
ಸರ್ ನ್ಯಾಮತಿ ಕಡೆಯವರು. ಜಗಳೂರಿನಲ್ಲಿ ಬಹಳ ವರ್ಷ ಇದ್ದು ನಮ್ಮಲ್ಲಿಗೆ ಬಂದವರು.
ನಗು ಕಮ್ಮಿ... ಆದರೂ ಒಂದನೇ ಕ್ಲಾಸಿನವರು ಅವರ ಹೆಗಲು ಬಿಟ್ಟು ಇಳಿಯುತ್ತಿರಲಿಲ್ಲ.

ಶಾಲೆಯ ಎದುರಿಗೇ ಊರಿನ ನೀರಿನ ಟ್ಯಾಂಕ್.
ಅದರ ಅಡಿಯಲ್ಲಿ ಹೆಜ್ಜೇನು ಕಟ್ಟಿತ್ತು. ಮೊರದಗಲದ ಗೂಡುಗಳು...
ಸರ್ ಹೇಳಬೇಕಾದವರಿಗೆಲ್ಲ ಹೇಳಿದರು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು.
ಗೂಡು ತೆಗೆಸುವ ಅಧಿಕಾರ ಇವರಿಗಿಲ್ಲ. ಶಾಲೆಗೆ ರಜೆ ಕೊಡುವ ಅಧಿಕಾರವೂ ಇಲ್ಲ.
ಮಕ್ಕಳನ್ನು ಕಾಯುವ ಹೊಣೆ ಮಾತ್ರ ಇವರದು...

"ನಮ್ಮ ಕೈಯಾಗೆ ಆಗೋದು ನಾವು ಮಾಡಾನ ಬಿಡ್ರಿ ಮೇಡಂ" ಅಂದರು.

ಕಿಟಕಿಗಳಿಗೆ ಸೊಳ್ಳೆ ಜಾಲರಿ ಬಡಿದರು.
ಸೀಟಿ ಊದಿದರೆ ಆಟ ಬಿಟ್ಟು ಒಳಗೆ ಬರಬೇಕು, ಕಿರುಚಬಾರದು, ಕೈ ಬೀಸಬಾರದು... ಇದನ್ನು ದಿನವೂ ಪ್ರಾಕ್ಟೀಸ್ ಮಾಡಿಸಿದರು.
"ಮೇಷ್ಟ್ರು ಹುಡುಗ್ರಿಗೆ ಮಿಲಿಟ್ರಿ ಟ್ರೇನಿಂಗ್ ಕೊಡಾಕೆ ಹತ್ಯಾರೆ" ಅಂತ ಊರಲ್ಲಿ ನಕ್ಕರು.

ಮೊನ್ನೆ ಮಧ್ಯಾಹ್ನ ಮಕ್ಕಳು ಊಟ ಮುಗಿಸಿ ಕೈ ತೊಳೆಯುತ್ತಿದ್ದರು.
ಹದ್ದೊಂದು ಗೂಡಿಗೆ ಎರಗಿತು...
ಸೀಟಿ ಕೇಳಿತು. ಮಕ್ಕಳು ಕಲಿತಂತೆಯೇ ಓಡಿ ಬಂದರು. ನಾನು ಬಾಗಿಲು ಹಾಕಿದೆ.
ಎಣಿಸಿದೆ. ಇನ್ನೊಮ್ಮೆ ಎಣಿಸಿದೆ...

"ಎಲ್ಲಾ ಒಳಗದಾರೇನ್ರಿ?" ಹೊರಗಿನಿಂದ ಸರ್ ಕೂಗಿದರು.
"ಒಂದನೇ ಕ್ಲಾಸಿನ ಹುಡುಗಿ ಒಬ್ಬಳು ಇಲ್ಲ ಸರ್! ಟಾಯ್ಲೆಟ್ಟಿಗೆ ಹೋಗಿದ್ಲಂತೆ!"

ಅಡುಗೆ ಕೋಣೆಯಿಂದ ಖಾಲಿ ಗೋಣಿಚೀಲ ಎಳೆದುಕೊಂಡು ಅವರು ಓಡಿದ್ದನ್ನು ಜಾಲರಿಯೊಳಗಿಂದ ನೋಡಿದೆ.
ವಾಪಸ್ ಬಂದಾಗ ಆ ಗೋಣಿಯೊಳಗೆ ಮಗು ಇತ್ತು.
ಬಾಗಿಲನ್ನು ಒಂಚೂರು ತೆರೆದೆ. ಮಗುವನ್ನು ಒಳಗೆ ತಳ್ಳಿದರು.
ನಾನು ಅವರ ಕೈ ಹಿಡಿದುಕೊಂಡೆ. "ನೀವೂ ಬರ್ರಿ ಸರ್!"
ಅವರ ತಲೆ, ಕುತ್ತಿಗೆ, ಬೆನ್ನು... ಎಲ್ಲ ಹುಳು.

"ನಾ ಬಂದ್ರೆ ಇವೂ ಬರ್ತಾವೆ. ಕೈ ಬಿಡ್ರಿ ಮೇಡಂ."

ಬಾಗಿಲು ಎಳೆದುಕೊಂಡರು.
ನಾನು ತೆಗೆದುಬಿಡುತ್ತೇನೆಂದು ಅವರಿಗೆ ಗೊತ್ತಿತ್ತು... ಹೊರಗಿನಿಂದ ಚಿಲಕ ಹಾಕಿದರು.

"ಈಗ ಎಲ್ಲಾ ಒಳಗದಾರಲ್ರಿ?"
"ಎಲ್ಲಾ ಮಕ್ಕಳೂ ಒಳಗದಾರೆ ಸರ್..."

ಆಮೇಲಿನದನ್ನು ಬರೆಯಲು ಕೈ ಬರುತ್ತಿಲ್ಲ.
ಮುಚ್ಚಿದ ಕೋಣೆ. ಸೆಕೆ. ಜಾಲರಿಯ ತುಂಬ ಹುಳುಗಳ ಸದ್ದು...
ನನ್ನ ಫೋನ್ ಆಫೀಸ್ ರೂಮಿನಲ್ಲಿ ಉಳಿದಿತ್ತು.
ನಾನು ಬಾಗಿಲು ಬಡಿದರೆ ಮಕ್ಕಳು ಹೆದರಿ ಅಳುತ್ತಿದ್ದರು. ಬಡಿಯದಿದ್ದರೆ ನನಗೆ ಉಸಿರು ಕಟ್ಟುತ್ತಿತ್ತು.
ಕೊನೆಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಮಗ್ಗಿ ಹೇಳಿಸಿದೆ... ಮೆಲ್ಲಗೆ.

ಸರ್...
ನೀವು ನೀರಿನ ಚಾನಲ್ ಕಡೆ ಓಡಿದಿರಂತೆ. ಹುಳುಗಳೆಲ್ಲ ನಿಮ್ಮ ಹಿಂದೆ ಬಂದುವಂತೆ.
ಊರವರು ಹುಲ್ಲಿಗೆ ಬೆಂಕಿ ಹಚ್ಚಿ, ಹೊಗೆ ಮಾಡಿಕೊಂಡು ಬಂದು ನಮ್ಮ ಚಿಲಕ ತೆಗೆದರು.
ಒಂದಿಬ್ಬರು ಮಕ್ಕಳಿಗೆ ಕೈಮೇಲೆ ಕಚ್ಚಿತ್ತು, ಅಷ್ಟೇ. ಉಳಿದ ಯಾವ ಮಗುವಿಗೂ ಏನೂ ಆಗಿರಲಿಲ್ಲ ಸರ್.

ಆಸ್ಪತ್ರೆಯಲ್ಲಿ ನನಗೆ ನಿಮ್ಮ ಗುರುತೇ ಸಿಗಲಿಲ್ಲ. ಧ್ವನಿಯಿಂದ ಗೊತ್ತಾಯಿತು...

"ಆ ಮಗೀನ ಇಲ್ಲಿಗೆ ಕರ್ಕಂಡು ಬರಬ್ಯಾಡ್ರಿ ಮೇಡಂ. ನನ್ನ ಮಕ ನೋಡಿದ್ರೆ ಹೆದರ್ಕಂತೈತೆ."
"ಕರ್ಕಂಡು ಬರಲ್ಲ ಸರ್."
"ತನ್ನಿಂದ ಹಿಂಗಾತು ಅಂತ ಅದರ ತಲ್ಯಾಗೆ ಬರಬಾರ್ದು. ನೋಡ್ಕಳ್ರಿ."
ನೋಡಿಕೊಳ್ಳುತ್ತೇನೆ ಅಂದೆ.
ಬರೀ ಸಮಾಧಾನಕ್ಕೆ ಅಂದಿದ್ದೆ... ನೀವು ಹುಷಾರಾಗಿ ಬಂದು ನೀವೇ ನೋಡಿಕೊಳ್ಳುತ್ತೀರಿ ಅಂತಲೇ ನಂಬಿದ್ದೆ.

ಸ್ನೇಹಿತರೇ...
ಬೆಳಗಿನಿಂದ ಗ್ರೂಪುಗಳಲ್ಲಿ ಆ ಮಗುವಿನ ಫೋಟೋ ಓಡಾಡುತ್ತಿದೆ. "ಈ ಹುಡುಗಿಗಾಗಿ ಪ್ರಾಣ ಕೊಟ್ಟ ಗುರು" ಅಂತ.
ಅವಳ ಅಮ್ಮ ಫೋನ್ ಮಾಡಿದರು.
"ಮೇಡಮ್ಮೋರೆ, ನಮ್ಮ ಮಗೀನ ನೋಡಾಕೆ ಜನ ಬರ್ತಾವ್ರೆ. ಮೊಬೈಲ್ ಹಿಡ್ಕಂಡು ನಿಂತವ್ರೆ. ಹೆಂಗೆ ಮಾಡ್ಲಿ? ಹೊರಗೆ ಬಿಡಾಕೆ ಆಗ್ತಿಲ್ಲ..."

ಈಗ ಅವರ ಮನೆಯಲ್ಲೇ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ.
ಹೊರಗೆ ಜನ ಇನ್ನೂ ಇದ್ದಾರೆ.
ಕೈ ಮುಗಿದು ಕೇಳುತ್ತೇನೆ... ಆ ಫೋಟೋ ತೆಗೆದುಹಾಕಿ. ಅವಳ ಹೆಸರು ಬರೆಯಬೇಡಿ. ಅವಳ ಎದುರು ಅಯ್ಯೋ ಅನ್ನಬೇಡಿ. ಅವಳು ಟಾಯ್ಲೆಟ್ಟಿಗೆ ಹೋಗಿದ್ದಳು, ಅಷ್ಟೇ. ಅದು ತಪ್ಪಲ್ಲ.
ಸರ್ ಮೇಲೆ ಪ್ರೀತಿ ಇದ್ದವರು ನಾಳೆ ನಿಮ್ಮೂರಿನ ಶಾಲೆಯ ಹತ್ತಿರ ಹೋಗಿ ತಲೆಯೆತ್ತಿ ನೋಡಿ. ಟ್ಯಾಂಕ್, ಮರ, ಸೂರು... ಏನಾದರೂ ಕಂಡರೆ ತೆಗೆಸುವ ತನಕ ಬಿಡಬೇಡಿ.

ನಿಮ್ಮೂರಿಗೆ ಆಂಬುಲೆನ್ಸ್ ಹೊರಟಿದೆಯಂತೆ ಸರ್.
ಸಂಜೆಯೊಳಗೆ ಮಣ್ಣು ಮಾಡುತ್ತಾರಂತೆ...
ಹೋಗಬೇಕು ಅಂತ ಜೀವ ಹೊಡೆದುಕೊಳ್ಳುತ್ತಿದೆ. ಈ ಮಗುವನ್ನು ಬಿಟ್ಟು ಏಳಲು ಆಗುತ್ತಿಲ್ಲ.
ನಾನು ಬರುತ್ತಿಲ್ಲ ಸರ್... ಕ್ಷಮಿಸಿ.

ಅವಳು ಈಗಷ್ಟೇ ನನ್ನ ಪಕ್ಕ ಬಂದು ಕೂತಳು.
"ಮಿಸ್, ಇವತ್ತು ಸ್ಕೂಲಿಲ್ವಾ?"
"ಇಲ್ಲ ಪುಟ್ಟಿ."
"ಹೆಡ್ ಸರ್ ರಜ ಕೊಟ್ರಾ?"
"ಹೂಂ... ಕೊಟ್ರು."

ಹೋಗಿ ಬನ್ನಿ ಸರ್...
ನೋವಿಲ್ಲದ ಕಡೆ ನಿಮ್ಮ ಜೀವ ತಣ್ಣಗಿರಲಿ 🙏